ಬಸ್‌ಸ್ಟಾಪಿನವರೆಗಿನ ಮೂರು ಕಿಲೋಮೀಟರ್



ಈ ತಿಂಗಳು ನಿಮ್ಮೊಂದಿಗೆ ಚಳಿ ಮತ್ತು ಸೈಕಲ್ ಬಗ್ಗೆ ಮಾತನಾಡಬೇಕೆಂದಿದ್ದೇನೆ. 'ಮೇಡಂಗೆ ಬೇರೆ ವಿಷಯ ಸಿಗಲಿಲ್ಲವೇ' ಎಂದು ಕೆಲವರು ನಗಬಹುದು. ಆದರೆ ಕಳೆದ ಚಳಿಗಾಲದಲ್ಲಿ ನಮ್ಮ ಕಡೆಯ ಒಬ್ಬ ಹೆಣ್ಣುಮಗಳ ನೌಕರಿ ಉಳಿಯುವುದೋ ಹೋಗುವುದೋ ಎಂಬುದು ಒಂದು ಹಳೆಯ ಸೈಕಲ್ಲನ್ನು ಅವಲಂಬಿಸಿತ್ತು. ಆ ನೌಕರಿಯಿಂದಲೇ ಒಂದು ಮನೆ ನಡೆಯುತ್ತಿತ್ತು. ಅದರಲ್ಲಿ ನಾನೂ ಒಂದು ತಪ್ಪು ಮಾಡಿದೆ. ಅದನ್ನು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಮ್ಮೂರು ಚನ್ನರಾಯಪಟ್ಟಣ. ಹಾಸನ ಜಿಲ್ಲೆಯದ್ದಲ್ಲ, ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ. ಸುಮಾರು 900 ಮೀಟರ್ ಎತ್ತರದ ಬಯಲು. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕೂ ಕೆಳಗೆ. ಉತ್ತರ ಭಾರತದವರಿಗೆ ಇದು ಚಳಿಯೇ ಅಲ್ಲ. ಆದರೆ ನಮ್ಮ ಕಷ್ಟ ಚಳಿಗಿಂತ ಮಂಜಿನದು. ವಿಮಾನ ನಿಲ್ದಾಣದಲ್ಲಿ ಮಂಜು ಕವಿದು ವಿಮಾನಗಳು ತಡವಾದವು ಎಂದು ಪ್ರತಿ ವರ್ಷ ಪತ್ರಿಕೆಯಲ್ಲಿ ಓದುತ್ತೀರಲ್ಲ, ಅದೇ ಮಂಜು ನಮ್ಮ ದ್ರಾಕ್ಷಿ ಚಪ್ಪರಗಳ ಮೇಲೆ, ಹಿಪ್ಪುನೇರಳೆ ತೋಟಗಳ ಮೇಲೆ, ನಮ್ಮ ಮಕ್ಕಳು ನಡೆಯುವ ದಾರಿಯ ಮೇಲೆ ಕೂಡಾ ಕೂತಿರುತ್ತದೆ.

ನಾನು ಮಕ್ಕಳಿಗೆ ಪಾಠ ಹೇಳುವ ಶಾಲೆ ಮನೆಯಿಂದ ಆರು ಕಿಲೋಮೀಟರ್. ಹಲವು ವರ್ಷಗಳಿಂದ ಸೈಕಲ್ಲಿನಲ್ಲೇ ಹೋಗಿ ಬರುತ್ತೇನೆ. ಮೊಣಕಾಲು ನೋವು ಶುರುವಾದ ಮೇಲೆ, ಎರಡು ವರ್ಷದ ಹಿಂದೆ ಬ್ಯಾಟರಿ ಸೈಕಲ್ ಕೊಂಡೆ. ಸೈಕಲ್ ಕಲಿಸಿದವರು ನನ್ನ ಅಬ್ಬಾ. ಅವರು ರೇಷ್ಮೆಗೂಡಿನ ಮೂಟೆಯನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ವಿಜಯಪುರದ ಮಾರುಕಟ್ಟೆಗೆ ಹೋಗುತ್ತಿದ್ದರು. ಮದ್ರಸಕ್ಕೆ ರಜೆ ಇದ್ದ ದಿನ ಆ ದೊಡ್ಡ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ನಾನು ತುಳಿಯುತ್ತಿದ್ದೆ. ಅಮ್ಮಿ ಬೈದಾಗ, 'ಇರಲಿ ಬಿಡು, ಕಲಿತ ವಿದ್ಯೆ ಎಲ್ಲಿಗೆ ಹೋಗುತ್ತದೆ' ಎಂದು ಅವರು ನಕ್ಕಿದ್ದು ಇಂದಿಗೂ ನೆನಪಿದೆ.

ಕಳೆದ ಡಿಸೆಂಬರಿನ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯೊಂದಿಗೆ ಮನೆಗೆ ಬಂದಳು. ತಂದೆ ತೀರಿಕೊಂಡು ಮೂರು ವರ್ಷವಾಗಿದೆ. ಪಿಯುಸಿ ಮುಗಿಸಿ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಕಂಪನಿಯ ಬಸ್ಸು ಮುಖ್ಯರಸ್ತೆಗೆ ಬೆಳಿಗ್ಗೆ ಆರೂಕಾಲಿಗೆ ಬರುತ್ತದೆ. ಅವಳ ಹಳ್ಳಿಯಿಂದ ಅಲ್ಲಿಗೆ ಮೂರು ಕಿಲೋಮೀಟರ್. ಅಷ್ಟು ದಿನ ತಮ್ಮ ಬೈಕಿನಲ್ಲಿ ಬಿಟ್ಟು ಬರುತ್ತಿದ್ದ. ಈಗ ಅವನು ಓದಲು ಬೆಂಗಳೂರಿಗೆ ಹೋಗಿದ್ದಾನೆ. ಆಟೋದವರು ಆ ಹೊತ್ತಿಗೆ ಬರುವುದಿಲ್ಲ. ಬಂದರೂ ದಿನಾ ಕೊಡುವಷ್ಟು ದುಡ್ಡಿಲ್ಲ. ಎರಡು ವಾರ ನಡೆದೇ ಹೋದಳು. ಎರಡು ಸಲ ಬಸ್ಸು ತಪ್ಪಿತು, ಎರಡು ದಿನದ ಸಂಬಳ ಹೋಯಿತು.

"ಸಾಕು ಆಪಾ, ಕೆಲಸ ಬಿಡಿಸುತ್ತೇನೆ. ಒಂದು ಒಳ್ಳೆಯ ಸಂಬಂಧ ಇದ್ದರೆ ಹೇಳಿ" ಎಂದರು ತಾಯಿ.

ಹುಡುಗಿ ತಲೆ ತಗ್ಗಿಸಿಯೇ ಕೇಳಿದಳು: "ಆಪಾ, ನಿಮ್ಮ ಹಾಗೆ ನಾನೂ ಸೈಕಲ್ಲಿನಲ್ಲಿ ಹೋದರೆ ಆಗುವುದಿಲ್ಲವೇ?"

ಸಹೋದರಿಯರೇ, ಆ ಪ್ರಶ್ನೆಯನ್ನು ಒಮ್ಮೆ ಯೋಚಿಸಿ ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಕಾರ್ಖಾನೆಗಳು ತಮ್ಮದೇ ಬಸ್ಸು ಕಳಿಸುತ್ತವೆ. ಆದರೆ ಬಸ್ಸು ನಿಲ್ಲುವುದು ಮುಖ್ಯರಸ್ತೆಯಲ್ಲಿ. ಮನೆಯ ಬಾಗಿಲಿನಿಂದ ಆ ರಸ್ತೆಯವರೆಗಿನ ಎರಡು ಮೂರು ಕಿಲೋಮೀಟರ್ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಎಷ್ಟೋ ಹುಡುಗಿಯರ ಓದು ಮತ್ತು ನೌಕರಿ ಆ ದಾರಿಯಲ್ಲೇ ನಿಂತುಬಿಡುತ್ತವೆ.

ಮರುದಿನ ಅವರ ಮನೆಗೆ ಹೋದೆ. ಹಿತ್ತಿಲ ಕೊಟ್ಟಿಗೆಯಲ್ಲಿ ಅವಳ ಸೈಕಲ್ ಇತ್ತು, ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟದ್ದು. ನಿಮಗೂ ನೆನಪಿರಬಹುದು. ನಮ್ಮ ರಾಜ್ಯದಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಆರಂಭವಾಯಿತು. ಕೋವಿಡ್ ಬಂದ ಮೇಲೆ ವಿತರಣೆ ನಿಂತುಹೋಯಿತು. ಅದಕ್ಕೂ ಮುಂಚೆ ಕೊಟ್ಟ ಸೈಕಲ್‌ಗಳು ಎಷ್ಟೋ ಮನೆಗಳ ಹಿಂದೆ ಹೀಗೇ ಬಿದ್ದಿವೆ. ಇವರ ಮನೆಯಲ್ಲಿ ಅದರ ಬುಟ್ಟಿಯಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು.

ತಾಯಿ ಮೂರು ಮಾತು ಹೇಳಿದರು. ಚಳಿಯಲ್ಲಿ ಹುಡುಗಿಗೆ ಕೆಮ್ಮು ನೆಗಡಿ ಹಿಡಿಯುತ್ತದೆ. ದಾರಿಯಲ್ಲಿ ಕತ್ತಲೆ, ಮಂಜು. ಮೂರನೆಯದು, "ಲೋಗಾಂ ಕ್ಯಾ ಬೋಲಿಂಗೆ ಆಪಾ?" ಜನ ಏನೆಂದಾರು ಎಂಬ ಈ ಮಾತನ್ನು ಕೇಳದ ಮನೆ ನಮ್ಮಲ್ಲಿ ಯಾವುದಿದೆ?

ಮೊದಲಿಗೆ ಚಳಿಯ ಮಾತು. ಇದಕ್ಕೆ ನನ್ನ ಬಳಿ ಅನುಭವದ ಉತ್ತರವಿತ್ತು. ನಡೆಯುವವರಿಗಿಂತ ಸೈಕಲ್ ತುಳಿಯುವವರಿಗೆ ಚಳಿ ಹೆಚ್ಚು ಎನಿಸುವುದು ನಿಜ. ಗಾಳಿ ಇಲ್ಲದ ದಿನವೂ ಸೈಕಲ್ಲಿನ ವೇಗಕ್ಕೆ ಎದುರುಗಾಳಿ ಹುಟ್ಟಿ ಮೈಯ ಬಿಸಿಯನ್ನು ಸೆಳೆದುಕೊಂಡು ಹೋಗುತ್ತದೆ. ಆದರೆ ಇದು ಮೊದಲ ಐದು ಹತ್ತು ನಿಮಿಷದ ಮಾತು. ತುಳಿಯುತ್ತಾ ಹೋದಂತೆ ಮೈ ಬಿಸಿಯಾಗುತ್ತದೆ. ಆಗ ದಪ್ಪ ಸ್ವೆಟರ್ ಹಾಕಿದ್ದರೆ ಒಳಗೆ ಬೆವರುತ್ತದೆ. ಆ ಬೆವರು ಬಸ್‌ಸ್ಟಾಪಿನಲ್ಲಿ ನಿಂತಾಗ ತಣ್ಣಗಾಗಿ ಮೈ ನಡುಗುತ್ತದೆ. ಆದ್ದರಿಂದ ಒಂದು ದಪ್ಪ ಬಟ್ಟೆಗಿಂತ ಎರಡು ಮೂರು ತೆಳು ಬಟ್ಟೆ ಒಳ್ಳೆಯದು. ಹೊರಡುವಾಗ ಸ್ವಲ್ಪ ಚಳಿ ಎನಿಸಿದರೆ ಸರಿಯಾಗಿ ಉಟ್ಟಿದ್ದೇವೆ ಎಂದೇ ಅರ್ಥ. ಅತಿಯಾಗಿ ತಣ್ಣಗಾಗುವುದು ಬೆರಳು ಮತ್ತು ಎದೆ. ಬೆರಳಿಗೆ ಉಣ್ಣೆಯ ಗ್ಲೌಸ್ ಸಾಕು. ಎದೆಗೆ ನಮ್ಮ ಪೇಪರ್ ಹಾಕುವ ಹುಡುಗರ ಉಪಾಯವೊಂದಿದೆ: ಸ್ವೆಟರಿನ ಒಳಗೆ ಹಳೆಯ ಪತ್ರಿಕೆಯ ಎರಡು ಹಾಳೆ ಇಟ್ಟುಕೊಳ್ಳುವುದು. ಗಾಳಿ ಒಳಗೆ ಬರುವುದಿಲ್ಲ. ಕಿವಿಯನ್ನು ನಮ್ಮ ಹಿಜಾಬ್ ಹೇಗೂ ಮುಚ್ಚಿರುತ್ತದೆ. ದಮ್ಮು, ಉಬ್ಬಸ ಇರುವವರು ಮಾತ್ರ ಬಾಯಿ ಮೂಗಿನ ಮೇಲೆ ಬಟ್ಟೆ ಕಟ್ಟಿಕೊಳ್ಳಬೇಕು. ವೈದ್ಯರನ್ನು ಕೇಳಿಯೇ ಹೊರಡಬೇಕು.

ಫಿನ್‌ಲೆಂಡಿನಲ್ಲಿ ಔಲು ಎಂಬ ನಗರವಿದೆ. ಚಳಿಗಾಲದಲ್ಲಿ ಅಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುವುದುಂಟು. ಆದರೂ ಮಕ್ಕಳು ಹಿಮದ ಮೇಲೆಯೇ ಸೈಕಲ್ ತುಳಿದು ಶಾಲೆಗೆ ಹೋಗುತ್ತಾರೆ. ಅಲ್ಲಿನ ಜನರ ಮೈ ಕಲ್ಲಿನದಲ್ಲ. ಹಿಮ ಬಿದ್ದ ಕೂಡಲೇ ನಗರಸಭೆ ಸೈಕಲ್ ದಾರಿಯನ್ನು ಸರಿಪಡಿಸುತ್ತದೆ, ದೀಪ ಹಾಕಿಡುತ್ತದೆ. ಅಂದರೆ ಸೈಕಲ್ ಸವಾರಿಗೆ ಅಡ್ಡಿಯಾಗುವುದು ಚಳಿಯಲ್ಲ, ಸರಿಯಿಲ್ಲದ ದಾರಿ.

ಹೀಗೆಲ್ಲ ಹೇಳಿ ತಾಯಿಯನ್ನು ಒಪ್ಪಿಸಿದೆ. ಸೈಕಲ್ಲನ್ನು ಪಂಕ್ಚರ್ ಅಂಗಡಿಗೆ ಕೊಟ್ಟು ಎರಡು ಟ್ಯೂಬು, ಹಿಂದಿನ ಟೈರು, ಬ್ರೇಕಿನ ರಬ್ಬರು ಹಾಕಿಸಿದೆವು. ಒಂದೂವರೆ ಸಾವಿರ ರೂಪಾಯಿ ಆಯಿತು. ಮೊದಲ ಎರಡು ದಿನ ನಾನೂ ಅವಳ ಜೊತೆ ಹೋದೆ. ಕತ್ತಲೆಯ ವಿಷಯಕ್ಕೆ, "ಹ್ಯಾಂಡಲ್‌ಗೆ ಒಂದು ಟಾರ್ಚ್ ಕಟ್ಟಿಕೋ, ಸಾಕು" ಎಂದೆ.

ನನ್ನ ತಪ್ಪು ಅದೇ. ಟಾರ್ಚ್ ಸಾಕಾಗಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಆರು ಗಂಟೆಗೆ ಫೋನ್ ಬಂತು. ಹುಡುಗಿ ಬಿದ್ದಿದ್ದಳು. ಆ ದಿನಗಳು ರಾಗಿ ಒಕ್ಕಣೆಯ ಕಾಲ. ವಾಹನಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲೆಂದು ನಮ್ಮ ಕಡೆ ರೈತರು ರಾಗಿ, ಹುರುಳಿಯನ್ನು ಡಾಂಬರು ರಸ್ತೆಯ ಮೇಲೆಯೇ ಹರಡುತ್ತಾರೆ. ರಾತ್ರಿ ಇಬ್ಬನಿಗೆ ನೆನೆದ ಆ ಹುಲ್ಲಿನ ಮೇಲೆ ಅವಳ ಚಕ್ರ ಜಾರಿತು. ಅದೇ ಹೊತ್ತಿಗೆ ಹಿಂದಿನಿಂದ ತರಕಾರಿ ಟೆಂಪೋ ಬಂತು. ಚಾಲಕ ಕೊನೆಯ ಗಳಿಗೆಯಲ್ಲಿ ಗಾಡಿಯನ್ನು ಪಕ್ಕಕ್ಕೆ ಎಳೆದ. ಅಲ್ಲಾಹನು ಕಾಪಾಡಿದ. ಎಡ ಮಣಿಕಟ್ಟಿನ ಮೂಳೆಯಲ್ಲಿ ಬಿರುಕು, ಮೂರು ವಾರದ ಪ್ಲಾಸ್ಟರ್. ಅಷ್ಟಕ್ಕೇ ಮುಗಿಯಿತು.

ಆ ಚಾಲಕ ಓಡಿಹೋಗಲಿಲ್ಲ. ಅವಳನ್ನು ಮನೆಗೆ ತಂದು ಬಿಟ್ಟವನೂ ಅವನೇ. ನನ್ನನ್ನು ನೋಡಿ, "ಟೀಚರಮ್ಮ, ನನ್ನಾಣೆಗೂ ಏನೂ ಕಾಣಲಿಲ್ಲ. ಮಂಜು, ಕತ್ತಲು, ಮೇಲೆ ಕಪ್ಪು ಬಟ್ಟೆ. ಮುಂದೆ ಲೈಟು ಇದ್ದರೆ ಹಿಂದಿನವನಿಗೆ ಏನು ಕಾಣುತ್ತದೆ?" ಎಂದ. ಅವನ ಮಾತು ಸತ್ಯವಾಗಿತ್ತು. ನಾನು ಹೊರಡುವುದು ಬೆಳಕು ಹರಿದ ಮೇಲೆ, ಎಂಟು ಗಂಟೆಗೆ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಸುಮಾರಿಗೆ. ಅವಳು ಫಜ್ರ್ ನಮಾಝ್ ಮುಗಿಸಿ ಐದೂಮುಕ್ಕಾಲಕ್ಕೆ ಹೊರಡುತ್ತಿದ್ದಳು. ನನ್ನ ಎಂಟು ಗಂಟೆಯ ಅನುಭವವನ್ನು ನಾನು ಅವಳ ಐದೂಮುಕ್ಕಾಲಿನ ಕತ್ತಲೆಗೆ ಉಪದೇಶ ಮಾಡಿದ್ದೆ.

ತಾಯಿ ಜಗಳವಾಡಲಿಲ್ಲ. "ನಿಮ್ಮ ಮಾತು ಕೇಳಿದೆ ಆಪಾ" ಎಂದಷ್ಟೇ ಹೇಳಿ ಒಳಗೆ ಹೋದರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಉಪದೇಶ ಮಾಡುವುದು ನಮ್ಮಂಥ ಶಿಕ್ಷಕಿಯರಿಗೆ ಸುಲಭ. ಅದರ ಬೆಲೆ ತೆರುವವರು ಬೇರೆಯವರು.

ಆ ಮೂರು ವಾರ ನಾನು ಅದೇ ಹೊತ್ತಿಗೆ ಅದೇ ದಾರಿಯಲ್ಲಿ ನಾಲ್ಕೈದು ಸಲ ಹೋಗಿ ನೋಡಿದೆ. ಆಗ ಕಲಿತದ್ದನ್ನು ನಿಮ್ಮ ಮನೆಯ ಹೆಣ್ಣುಮಕ್ಕಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ದಯವಿಟ್ಟು ಓದಿ ಹೇಳಿ.

ಮುಂದಿನ ದೀಪ ನಮಗೆ ದಾರಿ ತೋರಿಸುತ್ತದೆ. ನಾವಿದ್ದೇವೆ ಎಂದು ಹಿಂದಿನವರಿಗೆ ತೋರಿಸುವುದು ಹಿಂದಿನ ಕೆಂಪು ದೀಪ. ಅದಿಲ್ಲದೆ ಕತ್ತಲೆಯಲ್ಲಿ ಹೊರಡಲೇಬಾರದು. ಬ್ಯಾಟರಿಯಿಂದ ಉರಿಯುವ ಸಣ್ಣ ಕೆಂಪು ದೀಪ ಸೈಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಜೊತೆಗೆ ರೇಡಿಯಂ ಪಟ್ಟಿ. ಲಾರಿಗಳ ಹಿಂದೆ ಅಂಟಿಸುತ್ತಾರಲ್ಲ, ಅದೇ. ಮಡ್‌ಗಾರ್ಡ್, ಪೆಡಲ್, ಚಕ್ರದ ಕಡ್ಡಿಗಳಿಗೆ ಅಂಟಿಸಿ. ಪೆಡಲ್ ಮೇಲಿನ ಪಟ್ಟಿ ಮೇಲೆ ಕೆಳಗೆ ಆಡುತ್ತಾ ಮಿನುಗುವುದರಿಂದ ಮುಂದಿರುವುದು ಸೈಕಲ್ ಎಂದು ಚಾಲಕರಿಗೆ ಬೇಗ ತಿಳಿಯುತ್ತದೆ.

ನಮ್ಮ ಬುರ್ಖಾ ಕಪ್ಪು. ಕತ್ತಲೆಯಲ್ಲಿ ಕಪ್ಪು ಕಾಣುವುದಿಲ್ಲ. ಇದಕ್ಕೆ ಬುರ್ಖಾ ಬಿಡಬೇಕಿಲ್ಲ. ರಸ್ತೆ ಕೆಲಸದವರು ಹಾಕುವ ರೇಡಿಯಂ ಪಟ್ಟಿಯ ಹಳದಿ ಜಾಕೆಟ್ಟನ್ನು ಅದರ ಮೇಲೆ ಹಾಕಿಕೊಂಡರೆ ಆಯಿತು. ಬಸ್ಸು ಹತ್ತುವ ಮುನ್ನ ಮಡಚಿ ಬ್ಯಾಗಿನಲ್ಲಿಡಬಹುದು. ಬುರ್ಖಾದ ಅಂಚನ್ನೂ ದುಪಟ್ಟಾದ ತುದಿಯನ್ನೂ ಎಂದೂ ಹಾರಲು ಬಿಡಬಾರದು. ಚಕ್ರಕ್ಕೋ ಚೈನಿಗೋ ಸಿಕ್ಕಿದರೆ ಕುತ್ತಿಗೆಗೇ ಅಪಾಯ. ದುಪಟ್ಟಾ ತುದಿಯನ್ನು ಒಳಗೆ ಸಿಕ್ಕಿಸಿ ಪಿನ್ ಹಾಕಿ. ಬುರ್ಖಾದ ಕೆಳ ಅಂಚನ್ನು ಎಲಾಸ್ಟಿಕ್ ಪಟ್ಟಿಯಿಂದ ಹಿಡಿಸಿ. ಸೈಕಲ್ಲಿಗೆ ಪೂರ್ತಿ ಮುಚ್ಚುವ ಚೈನ್ ಕವರ್ ಮತ್ತು ಹಿಂದಿನ ಚಕ್ರಕ್ಕೆ ಬಲೆ ಹಾಕಿಸಿ. ತಲೆಗೆ ಹೆಲ್ಮೆಟ್ ಇರಲಿ, ತೆಳು ಹಿಜಾಬಿನ ಮೇಲೆ ಅದು ಚೆನ್ನಾಗಿಯೇ ಕೂರುತ್ತದೆ.

ಇಬ್ಬನಿ ಬಿದ್ದ ಬೆಳಿಗ್ಗೆ ಚಕ್ರದ ರಿಮ್ಮು ಒದ್ದೆಯಾಗಿರುತ್ತದೆ, ಬ್ರೇಕು ತಡವಾಗಿ ಹಿಡಿಯುತ್ತದೆ. ಹೊರಡುವಾಗ ರಿಮ್ಮನ್ನು ಹಳೆ ಬಟ್ಟೆಯಿಂದ ಒರೆಸಿ. ನಿಲ್ಲಬೇಕಾದ ಜಾಗಕ್ಕಿಂತ ಮೊದಲೇ, ಹಿಂದಿನ ಮುಂದಿನ ಎರಡೂ ಬ್ರೇಕನ್ನು ಮೆಲ್ಲನೆ ಹಿಡಿಯಿರಿ. ಒಕ್ಕಣೆಯ ಹುಲ್ಲು ಕಂಡರೆ ಇಳಿದು ತಳ್ಳಿಕೊಂಡು ಹೋಗಿ. ನಾಲ್ಕು ಹೆಜ್ಜೆ ನಡೆದರೆ ಮಾನವೇನೂ ಹೋಗುವುದಿಲ್ಲ. ಹತ್ತು ಮಾರು ದೂರವೂ ಕಾಣದಷ್ಟು ಮಂಜಿದ್ದರೆ ಆ ದಿನ ಬಸ್ಸು ತಪ್ಪಲಿ. ಒಂದು ದಿನದ ಸಂಬಳಕ್ಕಿಂತ ಜೀವ ದೊಡ್ಡದು. ನಮ್ಮ ದೇಶದಲ್ಲಿ 2022ನೇ ವರ್ಷವೊಂದರಲ್ಲೇ ರಸ್ತೆ ಅಪಘಾತಗಳಲ್ಲಿ ತೀರಿಕೊಂಡವರು 1,68,491 ಮಂದಿ. ಇದು ಕೇಂದ್ರ ಸರ್ಕಾರದ್ದೇ ಲೆಕ್ಕ.

ಕೊನೆಯದು ದಾರಿ ಮತ್ತು ಜೊತೆ. ಹತ್ತಿರದ ದಾರಿಯೇ ಒಳ್ಳೆಯ ದಾರಿ ಎಂದು ತಿಳಿಯಬೇಡಿ. ಅವಳು ಹೋಗುತ್ತಿದ್ದದ್ದು ತೋಟಗಳ ನಡುವಿನ ದಾರಿ. ಇನ್ನೊಂದು ದಾರಿ ಅರ್ಧ ಕಿಲೋಮೀಟರ್ ಹೆಚ್ಚು. ಆದರೆ ಅದು ಹಾಲಿನ ಡೈರಿಯ ಮುಂದೆ ಹೋಗುತ್ತದೆ. ಅಲ್ಲಿ ದೀಪವಿದೆ, ಆ ಹೊತ್ತಿಗೆ ಕ್ಯಾನು ಹಿಡಿದು ಹಾಲು ಹಾಕಲು ಬರುವ ಹೆಂಗಸರಿದ್ದಾರೆ. ಅದೇ ಕಂಪನಿಗೆ ಹೋಗುವ ಪಕ್ಕದ ಬೀದಿಯ ಗೌಡರ ಮಗಳೊಬ್ಬಳಿದ್ದಳು. ಅವಳನ್ನು ಅಣ್ಣ ಬೈಕಿನಲ್ಲಿ ಬಿಡುತ್ತಿದ್ದ. ಅವನಿಗೂ ಬೆಳಿಗ್ಗೆ ಏಳುವುದು ಬೇಸರವಾಗಿತ್ತಂತೆ. ಅವಳ ಮನೆಯ ಹಿಂದೆಯೂ ಇಂಥದೇ ಒಂದು ಸೈಕಲ್ ಬಿದ್ದಿತ್ತು.

ಇನ್ನು ಮೂರನೆಯ ಮಾತು, 'ಜನ ಏನೆಂದಾರು?'

ನಮ್ಮ ಹೋಬಳಿಯ ಜನರ ಬಗ್ಗೆಯೇ ಒಂದು ಮಾತು ಹೇಳುತ್ತೇನೆ. ಕೈಗಾರಿಕೆಗಾಗಿ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳುವುದರ ವಿರುದ್ಧ 2022ರ ಏಪ್ರಿಲ್‌ನಿಂದ ಇಲ್ಲಿ ರೈತರು ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಡುವುದಾಗಿ ಹೇಳುವವರೆಗೆ, ಮೂರು ವರ್ಷಕ್ಕೂ ಹೆಚ್ಚು ಕಾಲ ಆ ಹೋರಾಟ ನಡೆಯಿತು. ಅದರಲ್ಲಿ ಹೆಂಗಸರೂ ಇದ್ದರು. ಅವರು ಬೀದಿಗೆ ಬಂದಾಗ ಯಾರೂ ತಪ್ಪೆನ್ನಲಿಲ್ಲ, ಹೆಮ್ಮೆಪಟ್ಟರು. ಹೊಲ ಉಳಿಸಲು ಹೆಣ್ಣು ಹೊರಗೆ ಬರಬಹುದಾದರೆ, ತುತ್ತು ಗಳಿಸಲು ಹೊರಗೆ ಹೋಗುವವಳ ಬಗ್ಗೆ ಮಾತ್ರ ಮಾತೇಕೆ?

ನಮ್ಮ ಪಕ್ಕದ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ 'ಅರಿವೊಳಿ' ಎಂಬ ಸಾಕ್ಷರತಾ ಆಂದೋಲನ ನಡೆಯಿತು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರು ಓದು ಬರಹದ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸುವುದನ್ನೂ ಸೇರಿಸಿದರು. ಸಾವಿರಾರು ಗ್ರಾಮೀಣ ಮಹಿಳೆಯರು ಕಲಿತರು. ಅವರಲ್ಲಿ ಮುಸ್ಲಿಮ್ ಮನೆತನದ ಹೆಣ್ಣುಮಕ್ಕಳೂ ಇದ್ದರೆಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಮೊದಮೊದಲು ಅಲ್ಲಿಯೂ ಕೊಂಕು ಮಾತು ಬಂತು. ಲೇಡೀಸ್ ಸೈಕಲ್ ಸಾಲದೆ ಹೋದಾಗ ಅವರು ಗಂಡಸರ ಸೈಕಲ್ಲನ್ನೇ ಓಡಿಸಿದರು. ಅದರ ಮುಂದಿನ ಬಾರ್ ಮೇಲೆ ಮಗುವನ್ನು ಕೂರಿಸಬಹುದು ಎಂದು ಅದನ್ನೇ ಮೆಚ್ಚಿದವರೂ ಇದ್ದರು. ಕೊಡ ನೀರು, ಕೂಸು, ಸಂತೆಯ ಸಾಮಾನು ಎಲ್ಲವೂ ಸೈಕಲ್ ಏರಿದ ಮೇಲೆ ಕೊಂಕು ನುಡಿಯುವವರ ಬಾಯಿ ತಾನಾಗಿ ಮುಚ್ಚಿತು.

ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಸಂಖ್ಯೆ ಶೇ. 32ರಷ್ಟು ಏರಿತ್ತು. ಹುಡುಗರಿಗೂ ಹುಡುಗಿಯರಿಗೂ ಇದ್ದ ಅಂತರ ಶೇ. 40ರಷ್ಟು ಕುಗ್ಗಿತ್ತು. ಹೆಚ್ಚು ಪ್ರಯೋಜನವಾದದ್ದು ಶಾಲೆಯಿಂದ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳ ಹುಡುಗಿಯರಿಗೆ. ನೋಡಿ, ಅದೇ ಮೂರು ಕಿಲೋಮೀಟರ್!

'ದೀನಿನಲ್ಲಿ ಇದಕ್ಕೆ ಅವಕಾಶವಿದೆಯೇ ಆಪಾ' ಎಂದು ಆ ತಾಯಿ ಕೇಳಿದ್ದರು. ನಾನು ಮದ್ರಸದಲ್ಲಿ ಓದಿದವಳೆಂದು ಹಲವರು ನನ್ನನ್ನು ಇದನ್ನೇ ಕೇಳುತ್ತಾರೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಒಂದು ಹದೀಸ್‌ನಲ್ಲಿ ಪ್ರವಾದಿಯವರು(ಸ) ಕುರೈಶ್‌ನ ಸಜ್ಜನ ಸ್ತ್ರೀಯರನ್ನು ಹೊಗಳುವಾಗ, ಒಂಟೆ ಏರುವ ಮಹಿಳೆಯರಲ್ಲಿ ಅವರು ಉತ್ತಮರೆಂದು ಹೇಳಿದ್ದಾರೆ. ಮಕ್ಕಳ ಮೇಲಿನ ಅವರ ಮಮತೆಯನ್ನೂ ಗಂಡನ ಸೊತ್ತನ್ನು ಕಾಯುವ ಗುಣವನ್ನೂ ಅದೇ ಮಾತಿನಲ್ಲಿ ನೆನೆದಿದ್ದಾರೆ. ಒಂಟೆ ಏರುವುದು ಅವರ ಗೌರವಕ್ಕೆ ಕುಂದು ತರಲಿಲ್ಲ. ಹಾಗಿರುವಾಗ ಮೈ ಮುಚ್ಚಿ, ಮರ್ಯಾದೆಯಿಂದ, ಹಲಾಲ್ ದುಡಿಮೆಗೆ ಸೈಕಲ್ ಏರುವವಳ ಗೌರವಕ್ಕೆ ಕುಂದು ಬರುವುದಾದರೂ ಹೇಗೆ?

ಬ್ಯಾಟರಿ ಸೈಕಲ್ ಕೊಳ್ಳಬೇಕೆಂದು ಹಲವು ಸಹೋದರಿಯರು ನನ್ನನ್ನು ಕೇಳುತ್ತಿರುತ್ತಾರೆ. ಐದಾರು ಕಿಲೋಮೀಟರಿಗಿಂತ ದೂರವಿದ್ದರೆ, ಏರು ದಾರಿ ಇದ್ದರೆ, ಮೊಣಕಾಲು ನೋವಿದ್ದರೆ ಅದು ಒಳ್ಳೆಯದೇ. ಮೂರು ಕಿಲೋಮೀಟರಿಗೆ ಸಾಮಾನ್ಯ ಸೈಕಲ್ ಸಾಕು, ಸಾಲ ಮಾಡಬೇಡಿ. ಮೋಟಾರು 250 ವ್ಯಾಟ್‌ನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇರುವ ಗಾಡಿಗೆ ನೋಂದಣಿಯಾಗಲಿ ಲೈಸೆನ್ಸ್ ಆಗಲಿ ಬೇಕಿಲ್ಲ. ಆ ಮಿತಿಯೊಳಗೆ ಇದೆ ಎಂಬ ಪರೀಕ್ಷಾ ಪತ್ರವನ್ನು ಅಂಗಡಿಯವರಿಂದ ಕೇಳಿ ನೋಡಿ. 'ಇದು ಇನ್ನೂ ಜೋರಾಗಿ ಓಡುತ್ತದೆ' ಎಂದು ಅವರು ಹೆಮ್ಮೆಯಿಂದ ಹೇಳಿದರೆ ಕೊಳ್ಳಬೇಡಿ.

ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ನಮ್ಮ ಕಡೆಯ ಚಳಿಗೆ ಆಗುವ ವ್ಯತ್ಯಾಸ ಸ್ವಲ್ಪವೇ. ಆದರೂ ಅಂಗಡಿಯವರು ಹೇಳಿದಷ್ಟು ದೂರ ಓಡುತ್ತದೆಂದು ನಂಬಿ ಹೊರಡಬೇಡಿ. ಬಿಚ್ಚಬಹುದಾದ ಬ್ಯಾಟರಿಯೇ ಒಳ್ಳೆಯದು, ರಾತ್ರಿ ಇಬ್ಬನಿಯಲ್ಲಿ ಬಿಡದೆ ಒಳಗೆ ತಂದಿಡಬಹುದು. ಅದರ ಜೊತೆ ಬಂದ ಚಾರ್ಜರನ್ನೇ ಬಳಸಿ. ಹಾಸಿಗೆಯ ಹತ್ತಿರ, ಬಾಗಿಲಿಗೆ ಅಡ್ಡವಾಗಿ, ಎಲ್ಲರೂ ಮಲಗಿರುವಾಗ ಚಾರ್ಜ್‌ಗೆ ಹಾಕಬೇಡಿ. ಬ್ಯಾಟರಿ ಉಬ್ಬಿದ್ದರೆ, ಅತಿಯಾಗಿ ಬಿಸಿಯಾಗುತ್ತಿದ್ದರೆ ಬಳಸುವುದನ್ನು ನಿಲ್ಲಿಸಿ, ಅಂಗಡಿಗೆ ತಿಳಿಸಿ. ಮಕ್ಕಳಿರುವ ಮನೆಯಲ್ಲಿ ಇದು ಹುಡುಗಾಟದ ವಿಷಯವಲ್ಲ.

ಈ ಪುಟವನ್ನು ಮನೆಯ ಗಂಡಸರೂ ಓದುತ್ತಾರೆಂದು ನನಗೆ ಗೊತ್ತು. ಅವರಿಗೂ ಒಂದು ಮಾತು. ನಿಮ್ಮ ಮನೆಯ ಹಿಂದೆ ಬಿದ್ದಿರುವ ಸೈಕಲ್ಲನ್ನು ಈ ಭಾನುವಾರ ಒಮ್ಮೆ ಎತ್ತಿ ನಿಲ್ಲಿಸಿ, ಎಣ್ಣೆ ಹಾಕಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಆ ದಾರಿಗೆ ನಾಲ್ಕು ದೀಪ ಕೇಳಿ. ಒಕ್ಕಣೆಯ ಹುಲ್ಲನ್ನು ರಾತ್ರಿಯಾದರೂ ರಸ್ತೆಯಿಂದ ತೆಗೆಯುವಂತೆ ನೆರೆಯವರಿಗೆ ಒಳ್ಳೆಯ ಮಾತಿನಲ್ಲಿ ಹೇಳಿ. ಬೈಕಿನಲ್ಲಿ ಹುಡುಗಿಯರ ಪಕ್ಕಕ್ಕೆ ಬಂದು ಹಾರ್ನ್ ಹೊಡೆಯುವ ಹುಡುಗರು ಯಾರದೋ ಮನೆಯವರೇ ಅಲ್ಲವೇ? ನಿಮ್ಮ ಮನೆಯವರಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಹೆಣ್ಣುಮಗಳ ಕೆಲಸ ಬಿಡಿಸುವುದಕ್ಕಿಂತ ಇವೆಲ್ಲ ಸುಲಭದ ಕೆಲಸಗಳು.

ಇನ್ನು ಆ ಹುಡುಗಿಯ ವಿಷಯ. ಪ್ಲಾಸ್ಟರ್ ಬಿಚ್ಚಿಸಿ, ಕೈಗೆ ಬಲ ಬಂದ ಮೇಲೆ ನಾನಾಗಿ ಏನೂ ಹೇಳಲು ಹೋಗಲಿಲ್ಲ. ಹೇಳುವ ಧೈರ್ಯ ನನಗಿರಲಿಲ್ಲ. ಫೆಬ್ರವರಿಯ ಒಂದು ದಿನ ತಾಯಿಯೇ ಶಾಲೆಗೆ ಬಂದರು. ಕೈಯಲ್ಲಿ ಹಳದಿ ಜಾಕೆಟ್ ಇತ್ತು. ದೇವನಹಳ್ಳಿಗೆ ಹೋಗಿದ್ದಾಗ ಕೊಂಡು ತಂದದ್ದಂತೆ. "ಇದನ್ನು ಸ್ವಲ್ಪ ಬಿಗಿ ಮಾಡಿ ಹೊಲಿದುಕೊಡಿ ಆಪಾ. ಅವಳಿಗೆ ದೊಡ್ಡದಾಗುತ್ತದೆ" ಎಂದರು. ನನ್ನ ಕಣ್ಣು ತುಂಬಿತು. ಬಿದ್ದ ಮರುವಾರವೇ ಗೌಡರ ಮಗಳು ಮನೆಗೆ ಬಂದು, 'ಅಮ್ಮ, ಇವಳು ಬಂದರೆ ನಾನೂ ಸೈಕಲ್ ತರುತ್ತೇನೆ' ಎಂದು ಕೇಳಿದ್ದಳಂತೆ. ಅದು ನನಗೆ ತಿಳಿದದ್ದು ಆ ದಿನವೇ.

ಈಗ ಇಬ್ಬರೂ ಡೈರಿಯ ದಾರಿಯಲ್ಲಿ ಹೋಗುತ್ತಾರೆ. ಮುಖ್ಯರಸ್ತೆಯ ಟೀ ಅಂಗಡಿಯ ಅಣ್ಣ ತನ್ನ ಗೋಡೆಯ ಪಕ್ಕದಲ್ಲಿ ಎರಡು ಸೈಕಲ್ ನಿಲ್ಲಿಸಲು ಜಾಗ ಕೊಟ್ಟಿದ್ದಾನೆ. ತಾಯಿ ಡೈರಿಯವರೆಗೆ ನಡೆದು ಹೋಗಿ, ಎರಡು ಕೆಂಪು ದೀಪಗಳು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು ಬರುತ್ತಾರೆ. ಅವರ ಭಯ ಹೋಗಿಲ್ಲ. ಹೆತ್ತವರ ಭಯ ಅಷ್ಟು ಸುಲಭವಾಗಿ ಹೋಗುವುದೂ ಇಲ್ಲ. ಆದರೆ ಆ ಭಯವನ್ನು ಮಗಳ ಕಾಲಿಗೆ ಕಟ್ಟುವುದನ್ನು ಬಿಟ್ಟಿದ್ದಾರೆ.

ಮೊನ್ನೆ ಸಿಕ್ಕಾಗ ಅವರು ಮೆಲ್ಲಗೆ ಕೇಳಿದರು: "ಆಪಾ, ನನ್ನ ವಯಸ್ಸಿನವರಿಗೆ ಕಲಿಯಲು ಆಗುತ್ತದಾ? ಡೈರಿಗೆ ಹಾಲು ಒಯ್ಯಬಹುದಿತ್ತು."

ಈ ಭಾನುವಾರ ಅಸರ್ ನಮಾಝಿನ ನಂತರ ಶಾಲೆಯ ಮೈದಾನಕ್ಕೆ ಬರಲು ಹೇಳಿದ್ದೇನೆ. ನೀವೂ ನಿಮ್ಮ ಊರಿನಲ್ಲಿ ಒಬ್ಬರಿಗೆ ಕಲಿಸಿ. ಚಳಿಗಾಲಕ್ಕೆ ಮುಂಚೆ, ಬೆಳಕಿರುವಾಗಲೇ ಕಲಿಸಿ. ಅಲ್ಲಾಹನು ನಮ್ಮ ಹೆಣ್ಣುಮಕ್ಕಳ ದಾರಿಯನ್ನು ಸುರಕ್ಷಿತಗೊಳಿಸಲಿ.